ಪದಚರ್ಚೆ: ‘ಡಿಮ್ ಸಮ್’ ಎಂಬುದಕ್ಕೆ ಕನ್ನಡದಲ್ಲಿ ಏನೆನ್ನೋಣ? (ತುರ್ತು)

ಬೆಂಗಳೂರಿನಿಂದ:

ಮಾನ್ಯರೆ, ಹಾಂಗ್‌ಕಾಂಗ್ ಪ್ರವಾಸದ ಕಿರುಪುಸ್ತಕವೊಂದನ್ನು ಕನ್ನಡಕ್ಕೆ ತರುತ್ತಿದ್ದೇನೆ. ಶುಕ್ರವಾರ ಅಚ್ಚಿಗೆ ಹೋಗಬೇಕು. ಅದರಲ್ಲಿ ಒಂದಿಡೀ ಅಧ್ಯಾಯ ಭಾನುವಾರ ಮಧ್ಯಾಹ್ನ ಮನೆಮಂದಿಯೆಲ್ಲ ಕ್ಯಾಂಟನೀಸ್ (ದಕ್ಷಿಣ ಚೀನಾದ) ಹೋಟೆಲಿನಲ್ಲಿ ಕುಳಿತು ‘ಡಿಮ್ ಸಮ್’ ಎಂಬ ಸಣ್ಣಸಣ್ಣ ತಿನಿಸುಗಳನ್ನು ತಿನ್ನುವ ಬಗ್ಗೆ ಇದೆ. ‘ಚೀನೀ ಉಪಾಹಾರ’ ಎಂದು ಬರೆದು ಹೊಡೆದುಹಾಕಿದೆ, ಏಕೆಂದರೆ ಅವರು ಅದನ್ನು ತಿನ್ನುವುದು ಊಟದ ಹೊತ್ತಿನಲ್ಲಿ, ಊಟದ ಬದಲಿಗೆ. ‘ಊಟ’ ಎಂದರೆ ನಮ್ಮ ಓದುಗರು ಅನ್ನವನ್ನು ಹುಡುಕುತ್ತಾರೆ. ಅಡಿಟಿಪ್ಪಣಿ ಬೇಡವೆಂದು ಸಂಪಾದಕರ ಕಟ್ಟಪ್ಪಣೆ. ಇನ್ನೊಂದು, ‘ಹರ್ ಗೌ’ ಎಂಬುದು ಸಿಗಡಿ ತುಂಬಿ ಹಬೆಯಲ್ಲಿ ಬೇಯಿಸಿದ್ದು, ಒಳಗಿನ ನಸುಗೆಂಪು ಹೊರಗೆ ಕಾಣುವಷ್ಟು ಅದರ ಪದರ ತೆಳು. ಇದನ್ನು ಕಡುಬು ಎನ್ನಬಹುದೆ?

ಧಾರವಾಡದಿಂದ:

ಧಾರಾಳವಾಗಿ ಎನ್ನಬಹುದು. ಅರ್ಧಚಂದ್ರದ ಆಕಾರ, ಒಳಗೆ ಹೂರಣ, ಅಂಚಿಗೆ ನಿರಿಗೆ. ಇದು ಕಡುಬಲ್ಲದೆ ಮತ್ತೇನು? ನಾಗಪಂಚಮಿಗೆ ನಮ್ಮಲ್ಲಿ ಮಾಡುವುದೂ ಇದನ್ನೇ, ಹೂರಣ ಮಾತ್ರ ಬೇಳೆ-ಬೆಲ್ಲದ್ದು. ಜೊತೆಗೊಂದು ಮಾತು. ಆ ಹೋಟೆಲುಗಳಲ್ಲಿ ಕೊಡುವ ಮಾಂಸದ ಉಬ್ಬುರೊಟ್ಟಿಗೆ ‘ಪಾವ್’ ಎನ್ನುತ್ತಾರಂತೆ. ನಮ್ಮ ಪಾವ್ ಭಾಜಿಯ ಪಾವ್ ಅಲ್ಲಿಂದಲೇ ಬಂದದ್ದೆಂದು ನನ್ನ ಬಲವಾದ ಅನುಮಾನ. ಹಾಂಗ್‌ಕಾಂಗ್ ಪಕ್ಕದ ಮಕಾವ್‌ನಲ್ಲಿ ಪೋರ್ಚುಗೀಸರು ಇದ್ದರಷ್ಟೆ.

ಪುತ್ತೂರಿನಿಂದ:

ಪಾವ್ ಪೋರ್ಚುಗೀಸರ ಮಾತು, ಅದರ ಬೇರು ಲ್ಯಾಟಿನ್‌ನಲ್ಲಿದೆ. ಚೀನೀಯರ ಪಾವ್ ಎಂದರೆ ಸುತ್ತಿದ್ದು, ಪೊಟ್ಟಣ. ಎರಡಕ್ಕೂ ಸಂಬಂಧವಿಲ್ಲ. ಸದ್ದು ಒಂದೇ ಎಂದು ಬೀಗತನ ಬೆಳೆಸಬೇಡಿ.

ಇನ್ನು ಕಡುಬು. ನಮ್ಮ ಜಿಲ್ಲೆಯಲ್ಲಿ ಕಡುಬೆಂದರೆ ಹಲಸಿನೆಲೆಯ ಕೊಟ್ಟೆಯಲ್ಲಿ ಹಿಟ್ಟು ಹೊಯ್ದು ಬೇಯಿಸಿದ್ದು. ಅದರಲ್ಲಿ ಹೂರಣವೂ ಇಲ್ಲ, ನಿರಿಗೆಯೂ ಇಲ್ಲ. ಮಲೆನಾಡಿನಲ್ಲಿ ಅಕ್ಕಿತರಿಯ ಉಂಡೆಯೂ ಕಡುಬೇ. ಯಾರ ಕಡುಬನ್ನು ಅಚ್ಚುಹಾಕಿಸುತ್ತೀರಿ?

ಒಟ್ಟು ಹೆಸರು ಬೇಕಿದ್ದರೆ ‘ಆಸರು’ ಎಂಬ ಮಾತು ಸುಮ್ಮನೆ ಮೂಲೆಯಲ್ಲಿ ಬಿದ್ದಿದೆ. ಹಳಗನ್ನಡದಲ್ಲಿ ಅದಕ್ಕೆ ದಣಿವು ಎಂಬ ಅರ್ಥ. ನಮ್ಮ ಮನೆಗಳಲ್ಲಿ ಬಂದವರನ್ನು ಈಗಲೂ ‘ಆಸರಿಗೆ ಏನು ಕೊಡಲಿ’ ಎಂದೇ ಕೇಳುವುದು. ದಣಿವಾರಿಸಲು ಕುಡಿಯುವುದು, ಅದರ ಜೊತೆಗೆ ಬಾಯಿಗೆ ಒಂದಿಷ್ಟು. ಇದಕ್ಕಿಂತ ಹತ್ತಿರದ ಮಾತು ಸಿಗದು.

ಶಿವಮೊಗ್ಗದಿಂದ:

ಬೇರುಗಳನ್ನೇ ನೋಡದೆ ಏಕೆ ಕಾದಾಡುತ್ತಿದ್ದೀರಿ? ‘ಡಿಮ್’ ಎಂದರೆ ಮುಟ್ಟು, ‘ಸಮ್’ ಎಂದರೆ ಎದೆ. ಕನ್ನಡದಲ್ಲಿ ‘ಎದೆಮುಟ್ಟು’. ಮುಗಿಯಿತು. ಮೆಣಸಿನಕಾಯಿ ಕಡಲಾಚೆಯಿಂದ ಬಂದಾಗ ನಮ್ಮ ಹಿರಿಯರು ಅದರ ಊರಿನ ಹೆಸರನ್ನು ಹೊತ್ತು ತರಲಿಲ್ಲ. ನಮ್ಮಲ್ಲಿದ್ದ ಮೆಣಸಿಗೆ ಕಾಯಿ ಸೇರಿಸಿದರು. ಆ ಗಟ್ಟಿತನ ಇಂದಿನ ಬರಹಗಾರರಲ್ಲಿ ಇಲ್ಲ. ಕಂಡದ್ದನ್ನೆಲ್ಲ ಎರವಲು ತರುವ ಚಟ.

ಮೈಸೂರಿನಿಂದ:

ಅದೇ ಹಿರಿಯರು ಆಲೂಗಡ್ಡೆ ಬಂದಾಗ ಹೊರಗಿನ ಆಲೂವಿಗೆ ನಮ್ಮ ಗಡ್ಡೆಯನ್ನು ಅಂಟಿಸಿದರು. ಕರಾವಳಿಯವರು ಅದನ್ನೂ ಮಾಡದೆ ಪೋರ್ಚುಗೀಸರ ಬಟಾಟೆಯನ್ನು ಹಾಗೆಯೇ ನುಂಗಿದರು. ಅನಾನಸ್ಸಿಗೆ ಯಾರೂ ತಲೆ ಕೆಡಿಸಿಕೊಳ್ಳಲಿಲ್ಲ. ಒಂದು ಮೆಣಸಿನಕಾಯಿ ಹಿಡಿದು ನಿಯಮ ಮಾಡಬೇಡಿ. ‘ಎದೆಮುಟ್ಟು’ ಎಂದು ಬರೆದರೆ ಓದುಗರು ಹೃದ್ರೋಗದ ಅಧ್ಯಾಯವೆಂದು ಪುಟ ತಿರುವುತ್ತಾರೆ.

ಹಾಂಗ್‌ಕಾಂಗ್‌ನಿಂದ:

ಈ ಊರಿನಲ್ಲಿ ನೆಲೆಸಿರುವುದರಿಂದ ಕೆಲವು ಮಾತು. ಯಾವ ಪದವನ್ನಾದರೂ ಇಟ್ಟುಕೊಳ್ಳಿ, ಮೊದಲು ಅಲ್ಲಿ ನಡೆಯುವುದೇನೆಂದು ತಿಳಿದಿರಲಿ.

ಇಲ್ಲಿನವರು ಒಬ್ಬರನ್ನೊಬ್ಬರು ಕರೆಯುವುದು ‘ಯಮ್ ಛಾ’ಗೆ, ಅಂದರೆ ಚಹಾ ಕುಡಿಯಲು. ತಿನಿಸಿನ ಹೆಸರು ಕರೆಯೋಲೆಯಲ್ಲಿ ಇರುವುದಿಲ್ಲ. ಮೈಸೂರಿನವರು ‘ನಾಳೆ ಕಾಫಿಗೆ ಬನ್ನಿ’ ಎಂದರೆ ಯಾರೂ ಬರಿಯ ಕಾಫಿಯನ್ನಷ್ಟೇ ಕುಡಿದು ಏಳುವುದಿಲ್ಲವಲ್ಲ! ಕುಳಿತ ಕೂಡಲೇ ಕೇಳುವ ಪ್ರಶ್ನೆ ಯಾವ ಚಹಾ ಎಂಬುದು. ಮಣ್ಣಿನ ವಾಸನೆಯ ಕಡುಗಪ್ಪು ಪೊ ಲೇಯೋ, ಮಲ್ಲಿಗೆಯದೋ, ಸೇವಂತಿಗೆ ಬೆರೆಸಿದ್ದೋ? ಹಾಲು, ಸಕ್ಕರೆ ಇಲ್ಲ. ಮೊದಲು ಬಗ್ಗಿಸಿದ ಬಿಸಿ ಚಹಾದಲ್ಲಿ ಅನೇಕರು ತಮ್ಮ ಬಟ್ಟಲು, ತಿನ್ನುವ ಕಡ್ಡಿಗಳನ್ನು ತೊಳೆದು ಆ ನೀರನ್ನು ದೊಡ್ಡ ಬೋಗುಣಿಗೆ ಚೆಲ್ಲುತ್ತಾರೆ. ಮತ್ತೊಬ್ಬರು ನಮ್ಮ ಬಟ್ಟಲಿಗೆ ಚಹಾ ಹಾಕಿದರೆ ಎರಡು ಬೆರಳಿನಿಂದ ಮೇಜನ್ನು ಮೆಲ್ಲಗೆ ತಟ್ಟಬೇಕು, ಅದೇ ಧನ್ಯವಾದ. ಮಾರುವೇಷದ ಸಾಮ್ರಾಟನೊಬ್ಬನಿಗೆ ಬೆರಳಿನಲ್ಲೇ ಅಡ್ಡಬಿದ್ದ ಸೇವಕರ ಕಥೆಯನ್ನು ಇದಕ್ಕೆ ಹೇಳುತ್ತಾರೆ. ನಂಬುವುದು ನಿಮಗೆ ಬಿಟ್ಟದ್ದು. ಕೂಜಾ ಖಾಲಿಯಾದರೆ ಕೂಗಬೇಕಾಗಿಲ್ಲ, ಮುಚ್ಚಳವನ್ನು ಓರೆಯಾಗಿಟ್ಟರೆ ಬಿಸಿನೀರು ಬರುತ್ತದೆ.

ತಳ್ಳುಗಾಡಿಯಲ್ಲಿ ಬಿದಿರಿನ ಬುಟ್ಟಿಗಳನ್ನು ಪೇರಿಸಿಕೊಂಡು ಹೆಂಗಸರು ಕೂಗುತ್ತಾ ಬರುವುದು ಈಗ ಕಡಿಮೆ. ಬಹಳ ಕಡೆ ಮೇಜಿನ ಮೇಲೆ ಒಂದು ಹಾಳೆ ಇಟ್ಟಿರುತ್ತಾರೆ, ಬೇಕಾದ್ದಕ್ಕೆ ಗುರುತು ಹಾಕಿ ಕೊಡಬೇಕು. ಬುಟ್ಟಿಗಳಿಗೆ ಸಣ್ಣದು, ನಡುವಿನದು, ದೊಡ್ಡದು ಎಂದು ದರ. ಚಹಾಕ್ಕೆ ಮಾತ್ರ ತಲೆಗಿಷ್ಟು ಎಂದು ಲೆಕ್ಕ. ತಿಂಡಿ ನಮ್ಮ ಇಷ್ಟ, ಚಹಾದ ಹಣ ತಪ್ಪಿದ್ದಲ್ಲ. ‘ಒಂದು ಬಟ್ಟಲು, ಎರಡು ತುಂಡು’ ಎಂಬ ಇಲ್ಲಿನ ಹಳೆಯ ನುಡಿಗಟ್ಟಿನಲ್ಲಿಯೂ ತುಂಡು ತಿಂಡಿಯದು, ಬಟ್ಟಲು ಚಹಾದ್ದೇ, ಮತ್ತು ಅದೇ ಮೊದಲು. ಆದ್ದರಿಂದ ಅಧ್ಯಾಯದ ಹೆಸರಿನಲ್ಲಿ ಚಹಾ ಇರಲೇಬೇಕು. ಪುತ್ತೂರಿನವರ ‘ಆಸರು’ ನನಗೆ ಇಷ್ಟವಾಯಿತು, ಆದರೆ ಬೀದರಿನ ಓದುಗರಿಗೆ ಅದಕ್ಕೇ ಒಂದು ಅಡಿಟಿಪ್ಪಣಿ ಬೇಕು.

ಕಡುಬು ಖಂಡಿತ ಬೇಡ. ನೀವು ಕೇಳಿದ ‘ಹರ್ ಗೌ’ ತಿನಿಸಿನ ಪದರ ಜಿಗುಟು ತೆಗೆದ ಗೋಧಿಯ ಪಿಷ್ಟದ್ದು. ಕುದಿಯುವ ನೀರು ಹಾಕಿ ಕಲಸಿದ್ದರಿಂದಲೇ ಅದು ಬೆಂದಾಗ ಗಾಜಿನಂತೆ ಹೊಳೆಯುತ್ತದೆ. ಒಮ್ಮೆ ಕಡುಬೆಂದರೆ ಮುಂದೆ ಎಲ್ಲವೂ ಕಡುಬಾಗುತ್ತದೆ. ಅಲ್ಲಿ ‘ಲೋ ಪಾಕ್ ಕೋ’ ಎಂದೊಂದಿದೆ. ಬಿಳಿ ಮೂಲಂಗಿಯ ತುರಿಯನ್ನು ಅಕ್ಕಿಹಿಟ್ಟಿನ ಜೊತೆ ಹಬೆಯಲ್ಲಿ ಬೇಯಿಸಿ, ಬಿಲ್ಲೆ ಕೊಯ್ದು, ಕಾವಲಿಯ ಮೇಲೆ ಕೆಂಪಗೆ ಮಾಡುತ್ತಾರೆ. ‘ಮೂಲಂಗಿ ಕಡುಬು’ ಎಂದು ಅಚ್ಚಾದದ್ದನ್ನು ನಂಬಿ ನಮ್ಮ ಸಸ್ಯಾಹಾರಿ ಹಿರಿಯರು ಬಾಯಿಗಿಟ್ಟುಕೊಂಡರೆ ಗತಿಯೇನು? ಸಾಮಾನ್ಯವಾಗಿ ಅದರೊಳಗೆ ಒಣಸಿಗಡಿ ಮತ್ತು ಹಂದಿಮಾಂಸದ ಸಾಸೇಜಿನ ಚೂರುಗಳಿರುತ್ತವೆ.

ಕೊನೆಗೆ ಉಚ್ಚಾರ. ‘ಹರ್ ಗೌ’ನಲ್ಲಿ ರಕಾರವಿಲ್ಲ. ಇಂಗ್ಲಿಷಿನವರು ದೀರ್ಘ ತೋರಿಸಲು ಹಾಕಿದ ಅಕ್ಷರವದು. ಇಲ್ಲಿನ ಕ್ಯಾಂಟನೀಸ್ ಮಾತಿನಲ್ಲಿ ಗ, ಡ, ಬ ಇಲ್ಲ, ಹಾಗೆ ಬರೆಯುವ ಸದ್ದುಗಳು ನಮ್ಮ ಕ, ತ, ಪಗಳಿಗೆ ಹತ್ತಿರ. ‘ಹಾ ಕಾವ್’, ‘ತಿಮ್ ಸಮ್’ ಎನ್ನುವುದು ಮೇಲು. ಚಹಾದ ಹೆಸರಿನಲ್ಲಿ ಉಸಿರು ಜೋರು, ಆದ್ದರಿಂದ ‘ಛಾ’.

ಶಿವಮೊಗ್ಗದಿಂದ:

ಕನ್ನಡಿಗರ ಬಾಯಲ್ಲಿ ಮಹಾಪ್ರಾಣವೇ ನಿಲ್ಲದಿರುವಾಗ ಚೀನಾದಿಂದ ಹೊಸದೊಂದನ್ನು ತರಿಸುತ್ತಿದ್ದೀರಿ. ಚೆನ್ನಾಗಿದೆ.

ಮೈಸೂರಿನಿಂದ:

ನೀವು ಬೆಳಿಗ್ಗೆ ಕುಡಿಯುವ ಚಹಾದ ಹೆಸರೂ ಅಲ್ಲಿಯದೇ. ಟೀ ಎಂದು ತಪ್ಪಿಸಿಕೊಳ್ಳಲು ಹೋದರೆ ಅದು ಚೀನಾದ ಫೂಜಿಯಾನ್ ಪ್ರಾಂತದ್ದು.

ಬೆಂಗಳೂರಿನಿಂದ:

ಎಲ್ಲರಿಗೂ ವಂದನೆ. ಪ್ರತಿಯಲ್ಲಿ ಹೀಗೆ ಮಾಡಿದ್ದೇನೆ. ಅಧ್ಯಾಯದ ಹೆಸರು ‘ಮಧ್ಯಾಹ್ನದ ಚಹಾ-ತಿಂಡಿ’. ತಿನಿಸುಗಳನ್ನು ಮೊದಲ ಸಲ ‘ತಿಮ್ ಸಮ್ ತಿಂಡಿಗಳು’ ಎಂದು, ಆಮೇಲೆ ಬರಿಯ ‘ತಿಂಡಿ’ ಎಂದು ಬರೆದಿದ್ದೇನೆ. ಹಾ ಕಾವ್ ಹಾ ಕಾವೇ. ‘ಯಮ್ ಛಾ’ ಒಂದೇ ಕಡೆ ಬರುತ್ತದೆ, ಮಹಾಪ್ರಾಣ ಸಮೇತ. ಮೂಲಂಗಿಯ ಎಚ್ಚರಿಕೆಯನ್ನು ವಾಕ್ಯದೊಳಗೇ ಸೇರಿಸಿದ್ದೇನೆ. ಧಾರವಾಡದವರ ಪಾವ್ ಬಗ್ಗೆ ವಾದ ಮುಂದುವರಿಸುವವರು ದಯವಿಟ್ಟು ಬೇರೆ ತಲೆಬರಹ ಕೊಟ್ಟು ಬರೆಯಿರಿ.