ಬವಳಿ ಬರೂದನ್ನ ವಾಚ್ ಮೊದಲ ಹೇಳತೈತೇನು? ಡಾಕ್ಟರನ್ನ ಕೇಳ್ರಿ

(ಗುಂಪಿನ್ಯಾಗಿನ ಮಾತುಕತಿ; ಬರದವ್ರ ಹೆಸರಿನ ಬದಲಿ ಅವ್ರ ಊರು ಐತಿ.)

ಇಂಡಿ: ಸರ್, ತಂಗಿಗೆ 19. ಗುಡಿ ಸಾಲಿನ್ಯಾಗ ಭಾಳೊತ್ತು ನಿಂತ್ರ ಬವಳಿ ಬಂದು ಬೀಳತಾಳ್ರಿ. ಸ್ಮಾರ್ಟ್‌ವಾಚ್ ಮೊದಲ ಹೇಳತೈತೇನ್ರಿ?

ಡಾಕ್ಟರ್: ನೆಚ್ಚಬ್ಯಾಡ್ರಿ. ವಾಚಿನ ಹಸಿರು ಬೆಳಕು ನಾಡಿ ನೋಡತೈತಿ. ಇಂಥಾ ಬವಳ್ಯಾಗ ಬಹಳ ಸಲ ನಾಡಿ ಮೊದಲು ಏರತೈತಿ, ಬಿಪಿ ಕುಸೀತೈತಿ, ಕಡೀಕ ನಾಡಿನೂ ಇಳೀತೈತಿ. ಆಸ್ಪತ್ರಿ ಟಿಲ್ಟ್ ಟೇಬಲ್ (ಮಲಗಿಸಿ, ಓರೆ ಎತ್ತಿ ಬವಳಿ ಪರೀಕ್ಷಾ ಮಾಡೂ ಮಂಚ) ಮ್ಯಾಲ ಅಲುಗದ ಇದ್ದವ್ರಾಗ ವಾಚ್ ಕೆಲವು ನಿಮಿಷ ಮೊದಲ ಹಿಡದದ್ದೈತಿ. ಜಾತ್ರ್ಯಾಗ ಕೈ ಅಲುಗಿದ್ರ, ಬೆಲ್ಟ್ ಸಡಿಲಿದ್ರ ಲೆಕ್ಕಾ ತಪ್ಪತೈತಿ. ಬೆವರು, ಹೊಟ್ಟಿ ತೊಳಸೂದು, ಕಣ್ಣಿಗೆ ಕತ್ತಲಿ: ಅದ ಆಕಿ ಅಲಾರ್ಮ್. ತಕ್ಷಣ ಕೂಡ್ರಬೇಕು. ಜಾಗಾ ಇಲ್ಲಂದ್ರ ಕಾಲು ಅಡ್ಡ ಹಾಕಿ ತೊಡಿ, ಹೊಟ್ಟಿ ಬಿಗಿ ಹಿಡೀಬೇಕು.

ಮುಧೋಳ: ಬಂದದ್ದು ಹಾಕೀನಿ: "ಬಿದ್ದವ್ರ ಮೂಗಿಗೆ ಉಳ್ಳಾಗಡ್ಡಿ ಒಡದು ಹಿಡೀರಿ, ಬಾಯಾಗ ಬೆಲ್ಲದ ನೀರು ಹಾಕ್ರಿ."

ಡಾಕ್ಟರ್: ಎಚ್ಚರಿಲ್ಲದವ್ರ ಬಾಯಾಗ ಹನಿ ನೀರೂ ಹಾಕಬ್ಯಾಡ್ರಿ, ಶ್ವಾಸಕೋಶಕ್ಕ ಇಳೀತೈತಿ. ಮಲಗಿಸಿ ಕಾಲು ಎತ್ತಿ ಹಿಡೀರಿ. ಒಂದು ನಿಮಿಷಕ್ಕ ಏಳದಿದ್ರ 108. ಉಸಿರಿಲ್ಲದಿದ್ರ ಎದಿ ಒತ್ತಾಕ ಶುರು ಮಾಡ್ರಿ.

ಜಮಖಂಡಿ: ಮಗಾಗ 16. ಸೈಕ್ಲಿಂಗ್ ಪ್ರಾಕ್ಟೀಸಿನ್ಯಾಗ ಏರು ಹತ್ತೂಮುಂದ ಒಮ್ಮೆಲೆ ಬಿದ್ದ. ವಾಚಿನ್ಯಾಗ ನಾಡಿ 188, ಆಮ್ಯಾಲ ಖಾಲಿ. ಎರಡ ದಿನ ವಿಶ್ರಾಂತಿ ಸಾಕಲ್ರಿ?

ಡಾಕ್ಟರ್: ಸಾಕಿಲ್ಲ. ಸೈಕಲ್ ಇವತ್ತಿಂದ ಬಂದ್. ಮೈ ದುಡಿಯೂಮುಂದ ಸುಳಿವಿಲ್ಲದ ಬಿದ್ರ ಮೊದಲ ಅನುಮಾನ ಹೃದಯದ ಮ್ಯಾಲ: ಸ್ನಾಯು ದಪ್ಪಾಗೂ ಕಾಯಿಲೆ, ಕ್ಯೂಟಿ (ಪ್ರತಿ ಬಡತದಾಗ ಹೃದಯದ ವಿದ್ಯುತ್ ಮತ್ತ ಸಜ್ಜಾಗಾಕ ಹಿಡಿಯೂ ಹೊತ್ತು) ಉದ್ದಾಗೂ ತೊಂದರೆ. ಆ ಖಾಲಿ ಜಾಗಾ ಬೆವರಿಗೆ ವಾಚ್ ಜಾರಿದ್ರೂ ಬರತೈತಿ, ನಾಡಿ ಸಿಗದಿದ್ರೂ ಬರತೈತಿ. ವಾಚಿನ ಇಸಿಜಿಗೆ ಇನ್ನೊಂದು ಕೈಬೆರಳು 30 ಸೆಕೆಂಡ್ ಇಡಬೇಕು, ಬೀಳೂ ಹುಡುಗ ಇಡತಾನೇನ್ರಿ? ನಾಳೆ 12 ಲೀಡ್ ಇಸಿಜಿ (ಆಸ್ಪತ್ರ್ಯಾಗ ಎದಿ, ಕೈಕಾಲಿಗೆ ತಂತಿ ಹಚ್ಚಿ ತೆಗಿಯೂದು), ಎಕೋ (ಹೃದಯದ ಸ್ಕ್ಯಾನ್). ವಾಚಿನ ಗ್ರಾಫ್ ತೋರಸ್ರಿ. ಎರಡೂ ಚಲೋ ಬಂದ್ರೂ ಮುಗೀಲಿಲ್ಲ. ತಜ್ಞರ ಮುಂದ ಟ್ರೆಡ್‌ಮಿಲ್ ಪರೀಕ್ಷಾ, ಆಮ್ಯಾಲ ಹೋಲ್ಟರ್ (ದಿನವಿಡೀ ಮೈಮ್ಯಾಲ ಇರೂ ಇಸಿಜಿ). ಮನ್ಯಾಗ ಯಾರರ 40ರೊಳಗ ಒಮ್ಮೆಲೆ ತೀರಿಕೊಂಡಾರೇನು? ಹೇಳ್ರಿ.

ಬಾಗಲಕೋಟೆ: ವಾಚ್ ಹಾಕಿದ್ರ ಮೊದಲ ಗೊತ್ತಾಗತೈತೇನ್ರಿ ಸರ್?

ಡಾಕ್ಟರ್: ಮ್ಯಾಲ ಓದ್ರಿ.

ಮುಧೋಳ: ಉಳ್ಳಾಗಡ್ಡಿಲೆ ನಮ್ಮೂರಾಗ ಎಷ್ಟ ಮಂದಿ ಎದ್ದಾರ.

ಇಂಡಿ: ಮಲಗಿಸಿದ್ರ ಹೆಂಗೂ ಏಳತಾರ್ರೀ, ಉಳ್ಳಾಗಡ್ಡಿಗ್ಯಾಕ ಹೆಸರು?

ಮುಧೋಳ: ನೀವೇನ ಡಾಕ್ಟರಾ?

ಇಂಡಿ: ನೀವಾ?

ಬೈಲಹೊಂಗಲ: ಬಸುರಿ ಇದ್ದಾಗ ಬವಳಿ ಬಂದ್ರ ಏನ ಮಾಡಬೇಕ್ರಿ?

ಗೋಕಾಕ: ಅಪ್ಪಾಗ 68. ಬಿಪಿ ಗುಳಿಗಿ, ಪ್ರೋಸ್ಟೇಟ್ ಗುಳಿಗಿ ನಡದಾವು. ನಸುಕಿನ್ಯಾಗ ಎದ್ದ ಕೂಡ್ಲೆ ಜೋಲಿ ಹೋಗತೈತಿ. ವಾಚಿನ್ಯಾಗ ನಾಡಿ ಬರೋಬ್ಬರಿ ಐತಿ.

ಡಾಕ್ಟರ್: ನಾಡಿ ಬಿಡ್ರಿ, ಬಿಪಿ ನೋಡ್ರಿ. 5 ನಿಮಿಷ ಮಲಗಿಸಿ ತೋಳಿಗೆ ಪಟ್ಟಿ ಕಟ್ಟಿ ಒಮ್ಮೆ, ನಿಂತ 1ನೇ, 3ನೇ ನಿಮಿಷಕ್ಕ ಮತ್ತ. ಮ್ಯಾಲಿನ ಅಂಕಿ 20 ಇಳಿದ್ರ ಗುಳಿಗಿ ಬರಕೊಟ್ಟವ್ರಿಗೆ ತೋರಸ್ರಿ. ನೀವ ನೀವ ನಿಲ್ಲಸಬ್ಯಾಡ್ರಿ.

ಮುಧೋಳ: "ಜೋರಾಗಿ ಕೆಮ್ಮಿದ್ರ ಹಾರ್ಟ್ ಅಟ್ಯಾಕ್ ನಿಲ್ಲತೈತಿ. 10 ಮಂದಿಗೆ ಕಳಸ್ರಿ."

ಡಾಕ್ಟರ್: ನಿಲ್ಲೂದಿಲ್ಲ. ಅಡ್ಮಿನ್, ಇವ್ರನ್ನ ಒಂದೀಟ ನೋಡ್ರಿ. ಜಮಖಂಡಿಯವ್ರ, ಉತ್ತರಾ ಎಲ್ಲೈತಿ?

ಜಮಖಂಡಿ: ಅವನ ಕಾಕಾ 34ಕ್ಕ ಹೋದ್ರು. ರಾತ್ರಿ ಮಲಗಿದವ್ರು ಏಳಲಿಲ್ಲ.

ಡಾಕ್ಟರ್: ಹಂಗಾದ್ರ ನಾಳೆ ಬ್ಯಾಡ. ಈಗ ಹುಡುಗನ್ನ ಕರಕೊಂಡು ಹೃದ್ರೋಗ ವಿಭಾಗ ಇರೋ ಆಸ್ಪತ್ರಿಗೆ ಹೊಂಡ್ರಿ. ಕಾಕಾನ ಮಾತು ಅಲ್ಲಿ ಮೊದಲ ಹೇಳ್ರಿ.