ಸಹಾಯ ಬೇಕು: ಈಥಾಲಜಿ, ಈಟಿಯಾಲಜಿ, ಎಥ್ನೋಸೆಂಟ್ರಿಸಂ

ನಮಸ್ಕಾರ. ಮನೋವಿಜ್ಞಾನವನ್ನು ಹೊಸದಾಗಿ ಓದಲು ಹಿಡಿದಿದ್ದೇನೆ. ಮೇಲಿನ ಮೂರು ಪದಗಳು ಅಣ್ಣತಮ್ಮಂದಿರಂತೆ ಕಂಡು ನನ್ನನ್ನು ಸತಾಯಿಸುತ್ತಿವೆ.

ಗ್ರೀಕ್ ಮೂಲ ಹುಡುಕಿದ ಮೇಲೆ ಇಷ್ಟು ತಿಳಿಯಿತು: 'ಎಥ್ನೋಸ್' ಎಂದರೆ ಜನಾಂಗ, ಆದ್ದರಿಂದ ತನ್ನ ಸಂಸ್ಕೃತಿಯ ಅಳತೆಗೋಲಿನಿಂದಲೇ ಉಳಿದವರನ್ನು ಅಳೆಯುವುದು ಎಥ್ನೋಸೆಂಟ್ರಿಸಂ. 'ಐಟಿಯಾ' ಎಂದರೆ ಕಾರಣ. ಕಾಯಿಲೆಗಳ ಕಾರಣ ಹುಡುಕುವುದು ಈಟಿಯಾಲಜಿ. ಪ್ರಾಣಿಗಳ ಸಹಜ ವರ್ತನೆಯ ಅಧ್ಯಯನ ಈಥಾಲಜಿ.

ಅರ್ಥ ಸಿಕ್ಕರೂ ಎರಡು ಸಂಶಯ ಉಳಿದಿವೆ. ಮೊಟ್ಟೆಯೊಡೆದು ಬಂದ ಹೆಬ್ಬಾತಿನ ಮರಿಗಳು ಪ್ರಾಣಿವರ್ತನೆಯ ವಿಜ್ಞಾನಿ ಕೊನ್ರಾಡ್ ಲೊರೆನ್ಸ್ ಅವರನ್ನೇ ತಾಯಿಯಂತೆ ಹಿಂಬಾಲಿಸಿದವಲ್ಲ, ಆ ಇಂಪ್ರಿಂಟಿಂಗ್ ಹುಟ್ಟರಿವೋ ಕಲಿಕೆಯೋ? ಹಿಂಬಾಲಿಸುವ ತುಡಿತ ಹುಟ್ಟಿನಿಂದ ಬಂದದ್ದು, ಯಾರನ್ನು ಎಂಬುದು ಮಾತ್ರ ಕಲಿತದ್ದು ಎಂದು ನನ್ನ ಊಹೆ. ತಪ್ಪಿದ್ದರೆ ಮುಲಾಜಿಲ್ಲದೆ ತಿದ್ದಿ.

ಇನ್ನೊಂದು, ಡಯಾಥೆಸಿಸ್-ಸ್ಟ್ರೆಸ್ ಮಾದರಿ. ರೋಗಕ್ಕೆ ತುತ್ತಾಗುವ ಒಳಗಿನ ಒಲವಿಗೆ ಹೊರಗಿನ ಒತ್ತಡ ಸೇರಿದಾಗ ಮನೋರೋಗ ತಲೆದೋರುತ್ತದೆ ಎನ್ನುತ್ತದೆ ಅದು. ಆ ಒಲವು ಆನುವಂಶಿಕವೇ ಆಗಿರಬೇಕೇ, ಬಾಲ್ಯದ ಆಘಾತವನ್ನೂ ಅದರಲ್ಲಿ ಸೇರಿಸಬಹುದೇ? ನಾನು ಓದಿದ ಟಿಪ್ಪಣಿಗಳು ಇಲ್ಲಿಗೆ ಬಂದು ಮೌನವಾಗುತ್ತವೆ.

ಬಲ್ಲವರು ಒಂದೊಂದು ಉದಾಹರಣೆ ಕೊಟ್ಟು ವಿವರಿಸಿದರೆ ಉಪಕಾರವಾಗುತ್ತದೆ. ಈ ಪದಗಳಿಗೆ ಬಳಕೆಯಲ್ಲಿರುವ ಕನ್ನಡ ಪದಗಳಿದ್ದರೆ ಅವನ್ನೂ ತಿಳಿಸಿ.