‘ಟ್ಯೂಮರ್ ಮಾರ್ಕರ್’: ‘ಗುರುತು’ ಅನ್ನೋಣವೋ, ‘ಸುಳಿವು’ ಅನ್ನೋಣವೋ?

ಗೆಳೆಯರೇ,

ತುಮಕೂರು ಜಿಲ್ಲೆಯ ಗುಬ್ಬಿ ಕಡೆ ಹಳ್ಳಿಗಳಲ್ಲಿ ಹಂಚಲು ಪಿಎಸ್‌ಎ (ಪ್ರಾಸ್ಟೇಟ್ ಸ್ಪೆಸಿಫಿಕ್ ಆಂಟಿಜೆನ್) ರಕ್ತಪರೀಕ್ಷೆ ಬಗ್ಗೆ ಒಂದು ಕರಪತ್ರ ಬರೆಯುತ್ತಿದ್ದೇನೆ. ಗಂಡಸರ ಮೂತ್ರಕೋಶದ ಕೆಳಗಿರುವ ಪ್ರಾಸ್ಟೇಟ್ ಗ್ರಂಥಿಯ ಕ್ಯಾನ್ಸರ್ ಪತ್ತೆಗೆ ನೆರವಾಗುವ ಪರೀಕ್ಷೆ ಇದು. ಓದುವವರು ಐವತ್ತು ದಾಟಿದ ಗಂಡಸರು, ಅವರ ಮನೆಯವರು. ‘ಟ್ಯೂಮರ್ ಮಾರ್ಕರ್’, ಅಂದರೆ ಕ್ಯಾನ್ಸರ್ ಇರಬಹುದು ಎಂದು ತೋರಿಸುವ ಪಿಎಸ್‌ಎಯಂಥ ವಸ್ತು, ಅನ್ನುವುದಕ್ಕೆ ಯಾವ ಪದ ಹಾಕಬೇಕು ಎಂದು ಕೇಳಬೇಕಿತ್ತು.

ಮೊದಲು ಹೊಳೆಯುವುದು ‘ಗುರುತು’. ಆದರೆ ನಮ್ಮಲ್ಲಿ ಗುರುತು ಅಂದರೆ ಖಚಿತವಾದದ್ದು. ಬಾಂದುಕಲ್ಲಿನ ಗುರುತು, ದನದ ಮೈಮೇಲಿನ ಗುರುತು. ‘ಕ್ಯಾನ್ಸರ್ ಗುರುತು ಜಾಸ್ತಿ ಇದೆ’ ಎಂದು ಓದಿದವರು ರೋಗ ಬಂದೇಬಿಟ್ಟಿದೆ ಅಂದುಕೊಳ್ಳುತ್ತಾರೆ. ಅದು ನಿಜವಲ್ಲ.

ಪಿಎಸ್‌ಎ ಒಂದು ಕಿಣ್ವ. ಕ್ಯಾಲಿಕ್ರೀನ್ ಎಂಬ ಬಳಗಕ್ಕೆ ಸೇರಿದ್ದು. ಈ ಬಳಗದ 15 ಜೀನ್‌ಗಳು ನಮ್ಮ 19ನೇ ಕ್ರೋಮೋಸೋಮಿನಲ್ಲಿ ಒಂದರ ಪಕ್ಕ ಒಂದು ಕೂತಿವೆ. ಅವುಗಳಿಂದ ತಯಾರಾಗುವುದೆಲ್ಲ ಪ್ರೋಟೀನನ್ನು ಕತ್ತರಿಸುವ ಕಿಣ್ವಗಳೇ, ಕೆಲಸ ಮಾತ್ರ ಬೇರೆ ಬೇರೆ. ಇವನ್ನು ಚಿಕ್ಕದಾಗಿ ಕೆಎಲ್‌ಕೆ ಎಂದು ಕರೆದು ಸಂಖ್ಯೆ ಕೊಟ್ಟಿದ್ದಾರೆ. ಕೆಎಲ್‌ಕೆ4 ಹಲ್ಲಿನ ಎನಾಮಲ್ ಗಟ್ಟಿಯಾಗಲು ಬೇಕು. ಕೆಎಲ್‌ಕೆ5, ಕೆಎಲ್‌ಕೆ7 ಚರ್ಮದ ಹಳೆಯ ಪದರ ಉದುರಲು ಬೇಕು. ಕೆಎಲ್‌ಕೆ3 ಅಂದರೇನೇ ಪಿಎಸ್‌ಎ. ಪ್ರಾಸ್ಟೇಟ್ ಗ್ರಂಥಿ ಅದನ್ನು ತಯಾರಿಸುವುದು ಗಟ್ಟಿಯಾದ ವೀರ್ಯವನ್ನು ನೀರಾಗಿಸಲು. ಹೆಸರಿನಲ್ಲಿ ‘ಆಂಟಿಜೆನ್’ ಇದೆ ಎಂದು ‘ಪ್ರತಿಜನಕ’ ಅಂತ ಬರೆದರೆ ಈ ಕೆಲಸ ಯಾರಿಗೂ ತಿಳಿಯುವುದಿಲ್ಲ. ಹಾಗಾಗಿ ಕರಪತ್ರದಲ್ಲಿ ‘ಕಿಣ್ವ’ ಎಂದೇ ಇಡುತ್ತೇನೆ.

ಆರೋಗ್ಯವಂತರ ರಕ್ತದಲ್ಲೂ ಪಿಎಸ್‌ಎ ಸ್ವಲ್ಪ ಇರುತ್ತದೆ. ಗ್ರಂಥಿಯೊಳಗಿನ ಕಟ್ಟು ಹಾಳಾದಾಗ ರಕ್ತಕ್ಕೆ ಹೆಚ್ಚು ಸೋರುತ್ತದೆ. ಕ್ಯಾನ್ಸರಿನಿಂದ ಹಾಗಾಗಬಹುದು. ವಯಸ್ಸಾಗಿ ಗ್ರಂಥಿ ದಪ್ಪಗಾದರೂ, ಸೋಂಕು ತಗುಲಿದರೂ ಪಿಎಸ್‌ಎ ಏರುತ್ತದೆ. ಒಂದು ಮಿಲಿಲೀಟರಿಗೆ 4 ನ್ಯಾನೋಗ್ರಾಂ ಎಂಬ ಗಡಿಯನ್ನು ಬಹಳ ಕಾಲದಿಂದ ಬಳಸುತ್ತಿದ್ದಾರೆ. ಅದನ್ನು ದಾಟಿದವರೆಲ್ಲರಿಗೂ ಕ್ಯಾನ್ಸರ್ ಇರುವುದಿಲ್ಲ, ದಾಟದಿದ್ದವರಲ್ಲೂ ಕೆಲವರಿಗೆ ಇರುತ್ತದೆ. ಅಮೆರಿಕದಲ್ಲೂ 1986ರಲ್ಲಿ ಈ ಪರೀಕ್ಷೆಗೆ ಒಪ್ಪಿಗೆ ಕೊಟ್ಟಿದ್ದು ರೋಗ ಇದ್ದವರ ಮೇಲೆ ನಿಗಾ ಇಡಲು. ಪತ್ತೆಗೆ ನೆರವಾಗಿ ಬಳಸಲು ಒಪ್ಪಿದ್ದು 1994ರಲ್ಲಿ. ಕೊನೆಗೆ ಖಚಿತವಾಗಿ ಹೇಳುವುದು ಬಯಾಪ್ಸಿಯೇ, ಅಂದರೆ ಗ್ರಂಥಿಯ ಸಣ್ಣ ಚೂರು ತೆಗೆದು ನೋಡುವ ಪರೀಕ್ಷೆ.

ಹಾಗಾಗಿ ನನಗೆ ‘ಸುಳಿವು’ ಸರಿ ಅನಿಸುತ್ತದೆ. ಸುಳಿವು ಸಿಕ್ಕರೆ ಹುಡುಕಾಟ ಶುರುವಾಗುತ್ತದೆ, ಮುಗಿಯುವುದಿಲ್ಲ, ಅಲ್ವಾ? ‘ಸೂಚಕ’ ತಪ್ಪಲ್ಲ, ಆದರೆ ಹಳ್ಳಿಯ ಹಿರಿಯರ ಬಾಯಲ್ಲಿ ಅದು ಓಡಾಡುವ ಪದವಲ್ಲ. ‘ಸುಳಿವು’ ಅಂದರೆ ಕಳ್ಳತನ, ಪೊಲೀಸ್ ನೆನಪಾಗುತ್ತದೆ ಎಂದು ಗೆಳೆಯರೊಬ್ಬರು ಹೇಳಿದರು. ನಿಮಗೂ ಹಾಗೆ ಕೇಳಿಸುತ್ತದೆಯೇ?

ಇನ್ನೊಂದು ತೊಡಕು ‘ಫ್ರೀ ಪಿಎಸ್‌ಎ’. ರಕ್ತದಲ್ಲಿ ಪಿಎಸ್‌ಎಯ ಹೆಚ್ಚಿನ ಪಾಲು ಬೇರೆ ಪ್ರೋಟೀನಿಗೆ ಅಂಟಿಕೊಂಡಿರುತ್ತದೆ, ಉಳಿದದ್ದು ಅಂಟದೆ ಇರುತ್ತದೆ, ಅದೇ ‘ಫ್ರೀ’. ಕ್ಯಾನ್ಸರ್ ಇದ್ದಾಗ ಅಂಟದ ಪಾಲು ಸಾಮಾನ್ಯವಾಗಿ ಕಡಿಮೆ. ಇದಕ್ಕೆ ‘ಉಚಿತ’ ಎಂದು ಬರೆದರೆ ಟೆಸ್ಟ್ ಪುಕ್ಕಟೆ ಅಂದುಕೊಳ್ಳುತ್ತಾರೆ. ‘ಮುಕ್ತ’ ಅಂದರೆ ಏನೂ ಹೊಳೆಯುವುದಿಲ್ಲ. ‘ಬಿಡಿ ಪಿಎಸ್‌ಎ’, ‘ಅಂಟಿದ ಪಿಎಸ್‌ಎ’ ಎಂಬ ಜೋಡಿ ಹೇಗಿದೆ? ಕೋಲಾರ, ಚಿಕ್ಕಬಳ್ಳಾಪುರದ ಕಡೆಯವರು ‘ಬಿಡಿ’ಯನ್ನು ಇದೇ ಅರ್ಥದಲ್ಲಿ ಬಳಸುತ್ತೀರಾ, ತಿಳಿಸಿ.